ಕಾರ್ಪೆಟ್ ಮೇಲೆ ಪೇಂಟ್ ಚೆಲ್ಲಿದರೆ ನೀರಿನ ಚೊಂಬು ಕೆಳಗಿಡಿ, ಸಟ್ಟುಗ ತನ್ನಿ

ಕೊಡಗಿನಲ್ಲಿ ಮನೆಗೆ ಪೇಂಟ್ ಮಾಡಿಸಲು ಸಿಗುವ ಸಮಯ ತುಂಬಾ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಗೋಡೆ ಒಣಗುವ ಮಾತೇ ಇಲ್ಲ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಮನೆ ಕಡೆ ತಿರುಗಿ ನೋಡಲು ಪುರುಸೊತ್ತಿಲ್ಲ. ನಡುವೆ ಉಳಿಯುವುದು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದಿಂದ ಸುಗ್ಗಿ ಹಬ್ಬ ಹುತ್ತರಿ ತನಕದ ಒಂದೂವರೆ ತಿಂಗಳು. ಎಲ್ಲರಿಗೂ ಆಗಲೇ ಪೇಂಟರ್ ಬೇಕು. ಹಾಗಾಗಿ ಎಲ್ಲ ಕಡೆ ಅವಸರ. ಸೋಫಾ ಹೊರಗೆ ಹಾಕಲು ಜನ ಇಲ್ಲ, ಕಾರ್ಪೆಟ್ ಸುತ್ತಿಡಲು ಜಾಗ ಇಲ್ಲ, ಅರ್ಧ ಮಡಚಿ ಮೇಲೊಂದು ಹಳೆ ಬೆಡ್‌ಶೀಟ್ ಹಾಸಿ ಕೆಲಸ ಶುರು ಮಾಡಿಬಿಡುತ್ತೇವೆ. ಚೆಲ್ಲುವುದು ಅಲ್ಲೇ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಏಣಿ ಸ್ವಲ್ಪ ಅಲುಗಿತು, ಮೇಲೆ ಇಟ್ಟಿದ್ದ ಡಬ್ಬಿ ಮಗುಚಿತು, ಅರ್ಧ ಲೀಟರ್‌ನಷ್ಟು ಬಿಳಿ ಎಮಲ್ಷನ್ ಕೆಂಪು ಕಾರ್ಪೆಟ್ ಮೇಲೆ. ಊಟದ ತಟ್ಟೆ ಅಗಲದ ಕಲೆ. ಪೇಂಟಿಂಗ್ ಮಾಡುತ್ತಿದ್ದ ಹುಡುಗ ಪಾಪ ಗಾಬರಿಯಾಗಿ, "ನೀರು ಹಾಕಿ ಉಜ್ಜಿದ್ರೆ ಹೋಗ್ಬಿಡ್ತದೆ ಅಕ್ಕ" ಅಂತ ಒಂದು ಚೊಂಬು ನೀರು ಸುರಿದು ವೇಸ್ಟ್ ಬಟ್ಟೆಯಲ್ಲಿ ಗಸಗಸ ಉಜ್ಜಿದ. ನನಗೂ ಅದೇ ಸರಿ ಅನ್ನಿಸಿತ್ತು. ಎರಡು ನಿಮಿಷದಲ್ಲಿ ತಟ್ಟೆಯಷ್ಟಿದ್ದದ್ದು ಮೊರದಷ್ಟು ಅಗಲವಾಯಿತು. ಪೇಂಟ್ ನೀರಿನ ಜೊತೆ ಕೆಳಗಿಳಿದು ಕಾರ್ಪೆಟ್ ಬೆನ್ನಿನ ತನಕ ಹೋಯಿತು. ಅದನ್ನು ತೆಗೆಯಲು ಮೂರು ದಿನ ಹಿಡಿಯಿತು. ಒಂದು ಮೂಲೆ ಇವತ್ತಿಗೂ ಒರಟಾಗಿದೆ.

ಮರುವರ್ಷ ಕಿಟಕಿ ಸರಳಿಗೆ ಹೊಡೆಯುವ ಎನಾಮಲ್ ಚೆಲ್ಲಿತು. ಎನಾಮಲ್ ತೆಗೆಯುವುದು ಎಮಲ್ಷನ್‌ಗಿಂತ ಕಷ್ಟ. ಆದರೂ ಅವತ್ತು ಒಂದು ಚುಕ್ಕೆ ಉಳಿಯದ ಹಾಗೆ ಹೋಯಿತು. ಯಾಕೆಂದರೆ ಆ ಹೊತ್ತಿಗೆ ನಮಗೆ ಒಂದು ವಿಷಯ ಗೊತ್ತಾಗಿತ್ತು. ಹಸಿ ಪೇಂಟನ್ನು ಮೊದಲು ಎತ್ತಬೇಕು. ತೊಳೆಯುವುದು ಆಮೇಲೆ. ಇಷ್ಟು ನೆನಪಿದ್ದರೆ ಕೆಳಗಿನದೆಲ್ಲ ಸುಲಭ.

ಮೊದಲ ಐದು ನಿಮಿಷ

ಮೊದಲು ಡಬ್ಬಿ ನೇರ ಮಾಡಿ ದೂರ ಇಡಿ. ಮಕ್ಕಳನ್ನು, ನಾಯಿಯನ್ನು ಆಚೆ ಕಳಿಸಿ, ಇಲ್ಲದಿದ್ದರೆ ಒಂದು ಕಲೆ ಹತ್ತು ಕಾಲಿನ ಗುರುತಾಗುತ್ತದೆ. ನೀರು ಹಾಕಬೇಡಿ. ಉಜ್ಜಬೇಡಿ. ಬಟ್ಟೆ ಕೂಡ ಈಗಲೇ ಬೇಡ.

ಈಗ ಬೇಕಾಗಿರುವುದು ಚಪ್ಪಟೆ ಅಂಚಿರುವ ಏನಾದರೂ. ದೋಸೆ ಮಗುಚುವ ಸಟ್ಟುಗ ತುಂಬಾ ಒಳ್ಳೆಯದು. ಪೇಂಟರ್ ಹತ್ತಿರ ಪುಟ್ಟಿ ಬ್ಲೇಡ್ ಇದ್ದೇ ಇರುತ್ತದೆ, ಅದೂ ಆಗುತ್ತದೆ. ಏನೂ ಸಿಗದಿದ್ದರೆ ಗಟ್ಟಿ ರಟ್ಟಿನ ತುಂಡು ಅಥವಾ ಹಳೆ ಎಟಿಎಂ ಕಾರ್ಡ್. ಕಲೆಯ ಹೊರ ಅಂಚಿನಿಂದ ನಡುವಿಗೆ ಮೆಲ್ಲಗೆ ತಳ್ಳಿ, ಮೊಸರಿನ ಕೆನೆ ತೆಗೆದ ಹಾಗೆ ಎತ್ತಿ, ಹಳೆ ಡಬ್ಬಿಗೆ ಹಾಕಿ. ಪ್ರತಿ ಸಲ ಸಟ್ಟುಗ ಒರೆಸಿಕೊಳ್ಳಿ. ಒತ್ತಬಾರದು, ಒತ್ತಿದರೆ ಎಳೆಗಳ ಬುಡಕ್ಕೆ ಇಳಿಯುತ್ತದೆ. ನಡುವಿನಿಂದ ಹೊರಗೆ ಎಳೆದರೆ ಕಲೆ ಅಗಲವಾಗುತ್ತದೆ. ಈ ಒಂದು ಕೆಲಸವನ್ನು ಸಮಾಧಾನವಾಗಿ ಮಾಡಿದರೆ ಚೆಲ್ಲಿದ್ದರಲ್ಲಿ ಜಾಸ್ತಿ ಪಾಲು ಇಲ್ಲೇ ಹೋಗುತ್ತದೆ.

ಆಮೇಲೆ ಬಟ್ಟೆ. ಬಿಳಿ ಹತ್ತಿ ಬಟ್ಟೆಯೇ ಆಗಬೇಕು. ಹಳೆ ಪಂಚೆ, ಬನಿಯನ್, ಬೈರಾಸು ಯಾವುದಾದರೂ ಸರಿ. ಬಣ್ಣದ ಬಟ್ಟೆಯಾದರೆ ಅದರ ಬಣ್ಣವೂ ಕಾರ್ಪೆಟ್‌ಗೆ ಇಳಿಯಬಹುದು. ನ್ಯೂಸ್‌ಪೇಪರ್‌ನ ಮಸಿಯೂ ಹತ್ತುತ್ತದೆ, ಅದನ್ನು ಕಾರ್ಪೆಟ್ ಅಡಿಗೆ ಮಾತ್ರ ಹಾಕಿ. ಬಟ್ಟೆಯನ್ನು ಕಲೆ ಮೇಲೆ ಇಟ್ಟು ಅಂಗೈಯಿಂದ ನೇರ ಕೆಳಗೆ ಒತ್ತಿ, ನೇರ ಮೇಲೆ ಎತ್ತಿ. ಬಟ್ಟೆಯ ಹೊಸ ಜಾಗ ಮಾಡಿಕೊಂಡು ಮತ್ತೆ ಒತ್ತಿ. ನಮ್ಮ ಪಂಚೆ ಮೇಲೆ ಮೊದಲ ಅಚ್ಚು ಗಟ್ಟಿ ಹಾಲಿನ ಹಾಗೆ ಬಿತ್ತು, ನಾಲ್ಕೈದು ಸಲ ಆದ ಮೇಲೆ ನೀರು ಮಜ್ಜಿಗೆ ಹಾಗೆ, ಆಮೇಲೆ ಬರೀ ಮಸುಕು. ಅಚ್ಚು ಬೀಳುವುದು ನಿಲ್ಲುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಪೇಂಟ್ ಯಾವುದು, ಡಬ್ಬಿ ನೋಡಿ

ಒಬ್ಬರು ಬಟ್ಟೆ ಒತ್ತುತ್ತಿರುವಾಗ ಇನ್ನೊಬ್ಬರು ಡಬ್ಬಿ ಓದಿ. ಅದರಲ್ಲಿ ಯಾವುದರಿಂದ ತೆಳು ಮಾಡಬೇಕು ಅಂತ ಬರೆದಿರುತ್ತದೆ. ನೀರು ಅಂತ ಇದ್ದರೆ ಅದು ಡಿಸ್ಟೆಂಪರ್, ಎಮಲ್ಷನ್ ಜಾತಿಯದು. ಟರ್ಪೆಂಟೈನ್ ಅಥವಾ ಥಿನ್ನರ್ ಅಂತ ಇದ್ದರೆ ಎನಾಮಲ್, ರೆಡ್ ಆಕ್ಸೈಡ್, ವುಡ್ ಪ್ರೈಮರ್ ತರದ್ದು. ನೀರಿನಲ್ಲಿ ಬೆರೆಯುವ ಎನಾಮಲ್ ಕೂಡ ಈಗ ಬರುತ್ತದೆ, ಹಾಗಾಗಿ ಹೆಸರು ನೋಡಿ ತೀರ್ಮಾನ ಮಾಡಬೇಡಿ, ತೆಳು ಮಾಡುವ ಸಾಲನ್ನೇ ಓದಿ. ಡಬ್ಬಿ ಇಲ್ಲದಿದ್ದರೆ ಪೇಂಟರನ್ನು ಕೇಳಿ, "ಬ್ರಷ್ ಯಾವುದರಲ್ಲಿ ತೊಳೀತೀರಿ?" ಅಂತ.

ಇದು ಯಾಕೆ ಮುಖ್ಯ ಅಂದರೆ ಎರಡೂ ಒಣಗುವ ರೀತಿಯೇ ಬೇರೆ. ಎಮಲ್ಷನ್‌ನಲ್ಲಿ ಪ್ಲಾಸ್ಟಿಕ್‌ನಂಥ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಾಗ ಅವು ಒಂದಕ್ಕೊಂದು ಅಂಟಿಕೊಂಡು ಪದರ ಆಗುತ್ತದೆ. ಒಮ್ಮೆ ಪದರ ಆದರೆ ಮತ್ತೆ ನೀರಿಗೆ ಕರಗುವುದಿಲ್ಲ. ಎನಾಮಲ್ ಹಾಗಲ್ಲ. ಅದರ ಟರ್ಪೆಂಟೈನ್ ಆರಿದ ಮೇಲೂ ಅದು ಗಾಳಿಯಲ್ಲಿರುವ ಆಮ್ಲಜನಕ ಎಳೆದುಕೊಂಡು ಒಳಗೊಳಗೇ ಗಟ್ಟಿಯಾಗುತ್ತಾ ಹೋಗುತ್ತದೆ. ಒಂದು ರಾತ್ರಿ ಕಳೆದರೆ ಟರ್ಪೆಂಟೈನ್ ಹಾಕಿದರೂ ಬರೀ ಮೆತ್ತಗಾಗುತ್ತದೆ, ಕರಗುವುದಿಲ್ಲ.

ನಮ್ಮ ಊರಿನ ತೇವದ ಗಾಳಿ ಇಲ್ಲಿ ಮಾತ್ರ ನಮ್ಮ ಕಡೆಗಿದೆ. ಬಯಲುಸೀಮೆಯ ಬಿಸಿಲಿನಲ್ಲಿ ಎಮಲ್ಷನ್ ಅರ್ಧ ಗಂಟೆಗೆ ಮೇಲ್ಪದರ ಕಟ್ಟುತ್ತದೆ. ಮಂಜು ಮುಸುಕಿದ ಮಡಿಕೇರಿಯ ಬೆಳಗ್ಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಅಂಗಡಿಗೆ ಹೋಗಿ ಬರಬೇಕಾದರೆ ಕಲೆ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಿ ಹೋಗಿ. ಎನಾಮಲ್ ಆದರೆ ಒದ್ದೆ ಬಟ್ಟೆ ಬೇಡ, ಬರೀ ಪ್ಲಾಸ್ಟಿಕ್ ಸಾಕು. ಗಾಳಿ ತಾಗದಿದ್ದರೆ ಅದು ಬೇಗ ಗಟ್ಟಿಯಾಗುವುದಿಲ್ಲ.

ಕಾರ್ಪೆಟ್ ಯಾವುದರದ್ದು

ಇದನ್ನು ಜನ ನೋಡುವುದೇ ಇಲ್ಲ. ಪೇಂಟ್ ಹೋಗಿ ಕಾರ್ಪೆಟ್ ಹಾಳಾದರೆ ಏನು ಬಂತು?

ಕಾರ್ಪೆಟ್ ಹಿಂದೆ ಚೀಟಿ ಇದ್ದರೆ ಸರಿ. ಇಲ್ಲದಿದ್ದರೆ ಅಂಚಿನಿಂದ ಒಂದೇ ಒಂದು ಎಳೆ ಕಿತ್ತು, ಅಂಗಳಕ್ಕೆ ತಂದು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಟರ್ಪೆಂಟೈನ್, ಸ್ಪಿರಿಟ್ ತೆರೆಯುವ ಮೊದಲೇ ಇದನ್ನು ಮಾಡಿ ಮುಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನಾಗಿ ಆರಿ, ಕಪ್ಪು ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯ ಹಾಗೆ ಆದರೆ ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಯಾವುದಾದರೂ ಒಂದು. ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ ಅಥವಾ ಸೆಣಬು.

ಉಣ್ಣೆ ಕಾರ್ಪೆಟ್ ನಮ್ಮ ಕಡೆ ಸುಮಾರು ಮನೆಗಳಲ್ಲಿದೆ. ಕುಶಾಲನಗರದಿಂದ ಹೊಳೆ ದಾಟಿದರೆ ಬೈಲುಕುಪ್ಪೆ. 1961ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರು ಕೈಯಲ್ಲೇ ನೇಯುವ ಕಾರ್ಪೆಟ್ ಒಂದು ತಂದರೆ ಮಕ್ಕಳ ಕಾಲಕ್ಕೂ ಬರುತ್ತದೆ. ಅಂಥದ್ದಕ್ಕೆ ಬಿಸಿ ನೀರು ಮುಟ್ಟಿಸಬಾರದು, ಉಜ್ಜಬಾರದು. ಬಿಸಿ, ನೀರು, ಉಜ್ಜಾಟ ಮೂರೂ ಸೇರಿದರೆ ಉಣ್ಣೆ ಗಂಟುಕಟ್ಟಿ ಕಂಬಳಿ ಹಾಗೆ ಆಗುತ್ತದೆ. ಬ್ಲೀಚ್ ಅಂತೂ ಉಣ್ಣೆಯನ್ನೇ ಕರಗಿಸುತ್ತದೆ. ಬಟ್ಟೆ ಸೋಪಿನ ಪುಡಿ, ಸೋಡಾ, ಅಮೋನಿಯ ಬೇಡ. ಸ್ವೆಟರ್ ತೊಳೆಯುವ ಈಜಿ ತರದ ಲಿಕ್ವಿಡ್ ಬಳಸಿ. ಹಳೆಯ, ಕೈಮಗ್ಗದ, ಬೆಲೆಬಾಳುವ ಕಾರ್ಪೆಟ್ ಮೇಲೆ ಎನಾಮಲ್ ಚೆಲ್ಲಿದ್ದರೆ ಸಟ್ಟುಗದಲ್ಲಿ ಎತ್ತಿ, ಬಟ್ಟೆ ಒತ್ತಿ, ಅಲ್ಲಿಗೇ ನಿಲ್ಲಿಸಿ ಕಾರ್ಪೆಟ್ ಕ್ಲೀನ್ ಮಾಡುವವರಿಗೆ ಕೊಡುವುದು ವಾಸಿ.

ಸೆಣಬಿನದಾದರೆ ನೀರು ಆದಷ್ಟು ಕಡಿಮೆ ಮಾಡಿ, ಒದ್ದೆಯಾದರೆ ಕಂದು ಕಲೆ ಬರುತ್ತದೆ. ಹತ್ತಿ ಜಮಖಾನವಾದರೆ ಚಿಂತೆ ಕಮ್ಮಿ. ಪೇಂಟ್ ಎತ್ತಿದ ಮೇಲೆ ಆ ಭಾಗವನ್ನು ಹಿಂದಿನಿಂದ ನಲ್ಲಿ ನೀರಿಗೆ ಹಿಡಿದು ತೊಳೆಯಬಹುದು. ಸಿಂಥೆಟಿಕ್ ಎಳೆ ಗಟ್ಟಿಮುಟ್ಟು, ಆದರೆ ಅದರ ಬೆನ್ನನ್ನು ಮರೆಯಬೇಡಿ. ಮೆಷಿನ್ ಕಾರ್ಪೆಟ್‌ಗಳಲ್ಲಿ ಎಳೆಗಳನ್ನು ಹಿಡಿದಿಟ್ಟಿರುವುದು ಹಿಂದಿರುವ ರಬ್ಬರ್ ಗೋಂದು. ಥಿನ್ನರ್ ಸುರಿದರೆ ಆ ಗೋಂದು ಮೆತ್ತಗಾಗಿ ಎಳೆಗಳು ಗೊಂಚಲು ಗೊಂಚಲಾಗಿ ಕಿತ್ತು ಬರುತ್ತವೆ.

ಯಾವ ದ್ರವವೇ ಆಗಲಿ, ಮೊದಲು ಸೋಫಾ ಅಡಿ ಕಾಣದ ಮೂಲೆಯಲ್ಲಿ ಎರಡು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳಿ ಬಟ್ಟೆ ಒತ್ತಿ ನೋಡಿ. ಕಾರ್ಪೆಟ್ ಬಣ್ಣ ಬಟ್ಟೆಗೆ ಬಂದರೆ ಅದು ಬೇಡ.

ಹಸಿ ಎಮಲ್ಷನ್, ಡಿಸ್ಟೆಂಪರ್

ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಉಣ್ಣೆಗಾದರೆ ತಣ್ಣೀರು, ಸ್ವೆಟರ್ ತೊಳೆಯುವ ಲಿಕ್ವಿಡ್. ಸೋಪು ಜಾಸ್ತಿ ಹಾಕಿದರೆ ಜಾಸ್ತಿ ಹೋಗುವುದಿಲ್ಲ. ಅದು ಎಳೆಯಲ್ಲಿ ಉಳಿದು ಮುಂದೆ ಧೂಳು ಹಿಡಿಯುತ್ತದೆ, ಕಲೆ ಇದ್ದ ಜಾಗ ಎರಡೇ ತಿಂಗಳಲ್ಲಿ ಕಪ್ಪಾಗುತ್ತದೆ.

ಬಟ್ಟೆಯನ್ನು ಅದ್ದಿ ಹಿಂಡಿ, ಹೊರ ಅಂಚಿನಿಂದ ಒಳಗೆ ಒತ್ತುತ್ತಾ ಬನ್ನಿ. ಸೋಪಿನ ಬಟ್ಟೆ ಒಂದು ಸಲ, ಒಣ ಬಟ್ಟೆ ಒಂದು ಸಲ. ಹೀಗೇ ಹತ್ತು, ಹದಿನೈದು, ಇಪ್ಪತ್ತು ಸಲ. ಬೇಜಾರಿನ ಕೆಲಸ ನಿಜ, ಆದರೆ ಅವಸರ ಮಾಡಿ ಉಜ್ಜಿದ ಜಾಗ ಆಮೇಲೆ ಎದ್ದು ಕಾಣುತ್ತದೆ, ಎಳೆ ಬಿಚ್ಚಿಕೊಂಡು ಹತ್ತಿ ಹಾಗೆ ಆಗಿರುತ್ತದೆ.

ನೋಡಲು ಹೋಯಿತು ಅನ್ನಿಸಿದ ಮೇಲೂ ಎಳೆಗಳನ್ನು ಬೆರಳಿನಿಂದ ಬಿಡಿಸಿ ಬುಡ ನೋಡಿ. ಅಲ್ಲಿ ಬಿಳಿ ಕಾಣುತ್ತಿದ್ದರೆ ಸ್ವಲ್ಪ ಸ್ವಲ್ಪ ಎಳೆಯನ್ನು ಸೋಪು ಬಟ್ಟೆಯ ನಡುವೆ ಎರಡು ಬೆರಳಿನಿಂದ ಹಿಡಿದು, ಬುಡದಿಂದ ತುದಿಗೆ ಮೇಲೆ ಎಳೆಯಿರಿ. ಕೂದಲಿಗೆ ಎಣ್ಣೆ ಹಚ್ಚುವಾಗ ಬುಡದಿಂದ ತುದಿಗೆ ಬೆರಳು ಎಳೆದ ಹಾಗೆ. ಬೆರಳ ನಡುವೆ ಸಣ್ಣ ಬಿಳಿ ಮುದ್ದೆ ಸಿಗುತ್ತದೆ. ಒರೆಸಿ, ಪಕ್ಕದ ಎಳೆ ಹಿಡಿಯಿರಿ. ಕೊನೆಗೆ ಬರೀ ನೀರಿನ ಬಟ್ಟೆ ಒತ್ತಿ ಸೋಪು ತೆಗೆಯಿರಿ. ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ಇಲ್ಲಿ ತುಂಬಾ ಉಪಯೋಗ. ಮಾಮೂಲಿ ಒಣ ವ್ಯಾಕ್ಯೂಮ್ ಒದ್ದೆ ಮೇಲೆ ಹಾಕಬೇಡಿ, ಕರೆಂಟ್ ವಿಷಯ.

ಒಣಗಿಹೋದ ಎಮಲ್ಷನ್

ಪೇಂಟರ್ ಹೋದ ಮೇಲೆ ಬೆಡ್‌ಶೀಟ್ ತೆಗೆದರೆ ಅಡಿಯಲ್ಲಿ ಹನಿ ಹನಿ ಒಣಗಿರುತ್ತದೆ. ಇದು ಎಲ್ಲರ ಮನೆಯಲ್ಲೂ ಆಗುವುದು. ಹೆದರಬೇಡಿ, ಹನಿಗಳು ಸಾಮಾನ್ಯವಾಗಿ ಎಳೆಯ ತುದಿಯಲ್ಲೇ ಇರುತ್ತವೆ.

ಮೊದಲು ನೀರಿಲ್ಲದೆ ಚಮಚದ ಅಂಚಿನಿಂದ ಕೆರೆಯಿರಿ, ದಪ್ಪ ಹನಿಯನ್ನು ಇಕ್ಕಳದಲ್ಲಿ ಮೆಲ್ಲಗೆ ಒಡೆಯಿರಿ. ಪುಡಿಯಾದದ್ದನ್ನು ವ್ಯಾಕ್ಯೂಮ್ ಮಾಡಿ. ಆಮೇಲೆ ಬಿಸಿ ಸೋಪು ನೀರಿನ ಬಟ್ಟೆ ಐದು ನಿಮಿಷ ಇಟ್ಟರೆ ಪದರ ರಬ್ಬರ್ ಹಾಗೆ ಮೆತ್ತಗಾಗುತ್ತದೆ, ಆಗ ಉಗುರಿನಲ್ಲೇ ಬಿಡಿಸಬಹುದು. ಉಣ್ಣೆಗೆ ಈ ಬಿಸಿ ಹಂತ ಬೇಡ, ನೇರ ಸ್ಪಿರಿಟ್‌ಗೆ ಹೋಗಿ.

ಸ್ಪಿರಿಟ್ ಅಂದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಅಥವಾ 70% ಐಸೊಪ್ರೊಪೈಲ್ ಆಲ್ಕೋಹಾಲ್. ನೀರಿಗೆ ಬಗ್ಗದ ಎಮಲ್ಷನ್ ಪದರವನ್ನು ಇದು ಮೆತ್ತಗೆ ಮಾಡುತ್ತದೆ. ಬಟ್ಟೆಗೆ ಹಾಕಿ ಹನಿ ಮೇಲೆ ಎರಡು ನಿಮಿಷ ಒತ್ತಿ ಹಿಡಿಯಿರಿ, ಹಳೆ ಟೂತ್‌ಬ್ರಷ್‌ನಲ್ಲಿ ತುದಿಯ ಕಡೆಗೆ ಮಾತ್ರ ಎಳೆಯಿರಿ, ತಕ್ಷಣ ಒಣ ಬಟ್ಟೆ ಒತ್ತಿ. ಕಿಟಕಿ ತೆರೆದಿರಲಿ. ಒಲೆ, ದೀಪ, ಅಗರಬತ್ತಿ ಯಾವುದೂ ಹತ್ತಿರ ಇರಬಾರದು, ಇದು ಬೇಗ ಹೊತ್ತಿಕೊಳ್ಳುವ ವಸ್ತು.

ನೇಲ್ ಪಾಲಿಶ್ ರಿಮೂವರ್ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಅದರಲ್ಲಿರುವ ಅಸಿಟೋನ್ ಪೇಂಟ್ ತೆಗೆಯುತ್ತದೆ ನಿಜ, ಆದರೆ ಕಾರ್ಪೆಟ್ ಬಣ್ಣವನ್ನೂ ತೆಗೆಯಬಹುದು, ಅಸಿಟೇಟ್ ಎಳೆಯಾದರೆ ಎಳೆಯನ್ನೇ ಕರಗಿಸುತ್ತದೆ, ಹಿಂದಿನ ಗೋಂದಿಗೂ ಒಳ್ಳೆಯದಲ್ಲ. ನಾನು ಹಾಕುವುದಿಲ್ಲ.

ಒದ್ದೆ ಬಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಇಡುವ ಉಪಾಯವನ್ನೂ ಹೇಳುತ್ತಾರೆ. ನೈಲಾನ್‌ಗೆ ಕಡಿಮೆ ಬಿಸಿಯಲ್ಲಿ ಹತ್ತು ಸೆಕೆಂಡ್ ಇಟ್ಟರೆ ಕೆಲಸ ಮಾಡುತ್ತದೆ. ಆದರೆ ಅಗ್ಗದ ಕಾರ್ಪೆಟ್‌ಗಳಲ್ಲಿ ಜಾಸ್ತಿ ಇರುವುದು ಪಾಲಿಪ್ರೊಪಿಲೀನ್, ಅದು ಬೇಗ ಕರಗುತ್ತದೆ. ನಿಮ್ಮದು ಯಾವುದೆಂದು ಖಚಿತ ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆ ಅಲ್ಮೇರಾದಲ್ಲೇ ಇರಲಿ.

ಎನಾಮಲ್, ಪ್ರೈಮರ್

ಇಲ್ಲಿ ನೀರಿಗೆ ಕೆಲಸವಿಲ್ಲ, ಕೊನೆ ತನಕ. ಸಟ್ಟುಗದಲ್ಲಿ ಎತ್ತಿ, ಒಣ ಬಟ್ಟೆ ಒತ್ತಿ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್ ಬೇಕು. ಅಂಗಡಿಯವರು ಎನ್‌ಸಿ ಥಿನ್ನರ್ ಕೊಟ್ಟರೆ ವಾಪಸ್ ಕೊಡಿ, ಅದು ತುಂಬಾ ಸ್ಟ್ರಾಂಗ್.

ಟರ್ಪೆಂಟೈನನ್ನು ಕಾರ್ಪೆಟ್ ಮೇಲೆ ಸುರಿಯಬೇಡಿ. ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಅದನ್ನು ಒತ್ತಿ. ಪೇಂಟ್ ತೆಳುವಾಗುತ್ತಿದ್ದ ಹಾಗೆ ಒಣ ಬಟ್ಟೆಯಿಂದ ಹೀರಿಸಿ. ನಾವು ಮಾಡಿದಾಗ ಎರಡು ಬಟ್ಟಲು ಪಕ್ಕಪಕ್ಕ ಇಟ್ಟುಕೊಂಡಿದ್ದೆವು, ಒಂದರಲ್ಲಿ ಟರ್ಪೆಂಟೈನ್, ಇನ್ನೊಂದರಲ್ಲಿ ಬಳಸಿದ ಬಟ್ಟೆ. ಅತ್ತೆ ಒತ್ತುವುದು, ನಾನು ಹೀರಿಸುವುದು. ಇಬ್ಬರಿದ್ದರೆ ಟರ್ಪೆಂಟೈನ್ ಬೆನ್ನಿನ ತನಕ ಇಳಿಯಲು ಸಮಯವೇ ಸಿಗುವುದಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಕಡೆಯ ಬಟ್ಟೆ ಬಿಳಿಯಾಗಿ ಬಂದಾಗ ಅತ್ತೆ ಅದನ್ನು ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಪೇಂಟ್ ಹೋದ ಮೇಲೆ ಟರ್ಪೆಂಟೈನ್ ಹೋಗಬೇಕಲ್ವಾ? ಈಗ ಮೇಲೆ ಹೇಳಿದ ಸೋಪು ನೀರು, ಅದೇ ಒತ್ತುವ ಕ್ರಮ, ಆಮೇಲೆ ಬರೀ ನೀರು. ವಾಸನೆ ಉಳಿದರೆ ಪೂರ್ತಿ ಒಣಗಿದ ಮೇಲೆ ಅಡಿಗೆ ಸೋಡಾ ಉದುರಿಸಿ, ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿ. ಉಣ್ಣೆಗೆ ಅದೂ ಬೇಡ, ಗಾಳಿಗೆ ಹಾಕಿದರೆ ಸಾಕು.

ಸೀಮೆಎಣ್ಣೆ ಬಳಸುವುದು ಹಳೆ ಅಭ್ಯಾಸ. ಬ್ರಷ್ ತೊಳೆಯಲು ಸರಿ, ಕಾರ್ಪೆಟ್‌ಗೆ ಸರಿಯಲ್ಲ. ಜಿಡ್ಡು ಉಳಿಯುತ್ತದೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಪೆಟ್ರೋಲ್ ಮನೆಯೊಳಗೆ ತರಲೇಬೇಡಿ.

ಆ ಬಟ್ಟೆಗಳ ಬಗ್ಗೆ ಒಂದು ಮಾತು, ದಯವಿಟ್ಟು ಓದಿ. ಎನಾಮಲ್, ವಾರ್ನಿಷ್, ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಆಮ್ಲಜನಕ ಎಳೆದುಕೊಳ್ಳುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗಲು ದಾರಿ ಇರುವುದಿಲ್ಲ. ನಮ್ಮಲ್ಲಿ ಅಂಥ ಬಟ್ಟೆ ಹೋಗುವುದು ಸೌದೆ ಕೊಟ್ಟಿಗೆಗೆ, ಪಕ್ಕದಲ್ಲೇ ಗೋಣಿಚೀಲದ ರಾಶಿ. ಹಾಗೆ ಮಾಡಬೇಡಿ. ಹೊರಗೆ ಒಂದೊಂದಾಗಿ ಹರಡಿ ಗಟ್ಟಿಯಾಗುವ ತನಕ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ. ಉಳಿದ ಟರ್ಪೆಂಟೈನನ್ನು ತೋಡಿಗೆ, ಬಾವಿ ಪಕ್ಕಕ್ಕೆ, ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ. ಇಲ್ಲಿಯ ತೋಡುಗಳಲ್ಲಿ ಹೆಚ್ಚಿನವು ಕೊನೆಗೆ ಸೇರುವುದು ಕಾವೇರಿಗೆ. ಮುಚ್ಚಳ ಹಾಕಿ ಎರಡು ದಿನ ಬಿಟ್ಟರೆ ಪೇಂಟ್ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬ್ರಷ್ ತೊಳೆಯಲು ಬಳಸಬಹುದು.

ಸುಣ್ಣ, ಪಾಲಿಶ್, ಹಳೆ ಬಾಗಿಲ ಧೂಳು

ಸುಣ್ಣ ಚೆಲ್ಲಿದರೆ ಎತ್ತುವಷ್ಟು ಎತ್ತಿ, ಉಳಿದದ್ದನ್ನು ಒಣಗಲು ಬಿಡಿ. ಒಣಗಿದ ಪುಡಿಯನ್ನು ತಟ್ಟಿ ವ್ಯಾಕ್ಯೂಮ್ ಮಾಡಿ. ಉಳಿದ ಮಸುಕಿಗೆ ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರು. ಉಣ್ಣೆಗೆ ಸುಣ್ಣ ತುಂಬಾ ಕೆಟ್ಟದ್ದು, ಅಲ್ಲಿ ಒಣಗಲು ಕಾಯದೆ ಎತ್ತಿದ ತಕ್ಷಣವೇ ವಿನೆಗರ್ ನೀರು ಒತ್ತಿ. ಹುಳಿ ತಾನೇ ಅಂತ ನಮ್ಮ ಅಡಿಗೆಯ ಕಾಚಂಪುಳಿ ಹಾಕಬೇಡಿ, ಅದರ ಕಪ್ಪು ಬಣ್ಣ ಸುಣ್ಣಕ್ಕಿಂತ ದೊಡ್ಡ ಕಲೆ ಮಾಡುತ್ತದೆ.

ಮರಕ್ಕೆ ಹಾಕುವ ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಅದಕ್ಕೆ ಸ್ಪಿರಿಟೇ ಮದ್ದು. ಸಿಮೆಂಟ್ ಪೇಂಟ್ ಗಟ್ಟಿಯಾಗುವ ಮೊದಲೇ ತೆಗೆಯಬೇಕು, ಒಮ್ಮೆ ಸೆಟ್ ಆದರೆ ಒಡೆದು ಉದುರಿಸುವುದೊಂದೇ ದಾರಿ.

ಹಳೆ ಬಾಗಿಲು ಕಿಟಕಿ ಸ್ಯಾಂಡ್‌ಪೇಪರ್ ಹಾಕುವಾಗ ಬೀಳುವ ಧೂಳನ್ನು ಹಗುರ ಮಾಡಬೇಡಿ. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮಲ್ ಪದರದಲ್ಲಿ ಸೀಸ ಜಾಸ್ತಿ ಇರಬಹುದು. ಆ ಧೂಳು ಕಾರ್ಪೆಟ್ ಒಳಗೆ ಕೂತರೆ ಅದರ ಮೇಲೆ ಅಂಬೆಗಾಲಿಡುವ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ಸ್ಯಾಂಡ್‌ಪೇಪರ್ ಕೆಲಸಕ್ಕೆ ಮೊದಲು ಕಾರ್ಪೆಟ್ ಪೂರ್ತಿ ಹೊರಗೆ ಹೋಗಬೇಕು. ಇದರಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ.

ಹೋಗಲೇ ಇಲ್ಲ ಅಂದರೆ

ತುದಿಯಲ್ಲಿ ಮಾತ್ರ ಉಳಿದಿದ್ದರೆ ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಎಳೆ ತುದಿ ಒಂದೊಂದೇ ಸ್ವಲ್ಪ ಕತ್ತರಿಸಿ, ಬಾಚಣಿಗೆಯಲ್ಲಿ ಪಕ್ಕದ ಎಳೆಗಳನ್ನು ಅದರ ಮೇಲೆ ಬಾಚಿ. ಹುಡುಕಿದರೂ ಕಾಣುವುದಿಲ್ಲ. ಬುಡದ ತನಕ ಗಟ್ಟಿಯಾಗಿದ್ದರೆ ಸೋಫಾ ಅಡಿಯ ಭಾಗದಿಂದ ಅಷ್ಟೇ ಅಳತೆಯ ತುಂಡು ಕತ್ತರಿಸಿ, ಎಳೆ ಬಾಗಿದ ದಿಕ್ಕು ಹೊಂದುವ ಹಾಗೆ ಅಂಟಿಸಬಹುದು. ಇದು ಮೆಷಿನ್ ಕಾರ್ಪೆಟ್‌ಗೆ ಮಾತ್ರ. ಕೈಯಲ್ಲಿ ನೇಯ್ದದ್ದಕ್ಕೆ ಕತ್ತರಿ ಹಾಕಬೇಡಿ, ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಒಣಗಿಸುವುದು, ಅರ್ಧ ಕೆಲಸ ಇಲ್ಲೇ ಇದೆ

ಬೇರೆ ಊರಿನವರು ಹೇಳುವ ವಿಧಾನಗಳೆಲ್ಲ "ಒಣಗಲು ಬಿಡಿ" ಅಂತ ಮುಗಿಯುತ್ತವೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಮಡಿಕೇರಿ ಸುತ್ತಮುತ್ತ ಬಿಟ್ಟರೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಪೇಂಟ್ ಕಲೆಯನ್ನಾದರೂ ಸಹಿಸಬಹುದು. ಕಾರ್ಪೆಟ್ ಬೆನ್ನಿಗೆ ಒಮ್ಮೆ ಬೂಷ್ಟು ಬಂದರೆ ಆ ಮುಗ್ಗಲು ವಾಸನೆ ಇಡೀ ಮನೆಗೆ, ಮಕ್ಕಳಿಗೆ ಕೆಮ್ಮು.

ಜೊತೆಗೆ ಇನ್ನೊಂದು ತೊಂದರೆ. ಕಾರ್ಪೆಟ್ ಒಣಗುವಾಗ ಬುಡದ ನೀರು ಎಳೆಯ ದಾರಿಯಲ್ಲಿ ಮೇಲೆ ಏರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಅಡಿಯಲ್ಲಿ ಉಳಿದಿದ್ದ ಪೇಂಟ್ ಅದರ ಜೊತೆ ಬಂದು ಮಾರನೇ ದಿನ ಮಸುಕಾಗಿ ಮೇಲೆ ಕಾಣಿಸಿಕೊಳ್ಳುತ್ತದೆ. ಜನ "ಕಲೆ ವಾಪಸ್ ಬಂತು" ಅನ್ನುತ್ತಾರಲ್ಲ, ಇದೇ ಅದು. ಇದಕ್ಕೆ ಉಪಾಯ ಸುಲಭ. ಒದ್ದೆ ಜಾಗದ ಮೇಲೆ ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ಪ್ಲಾಸ್ಟಿಕ್ ಸುತ್ತಿದ ಎರಡು ಇಟ್ಟಿಗೆ ಇಡಿ. ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಿ. ಮೇಲೇರುವ ನೀರು, ಪೇಂಟ್ ಎರಡೂ ಎಳೆಯ ತುದಿಯಲ್ಲಿ ನಿಲ್ಲದೆ ಬಟ್ಟೆಗೆ ಬರುತ್ತವೆ.

ಬಟ್ಟೆ ಒದ್ದೆಯಾಗುವುದು ನಿಂತ ಮೇಲೆ ಗಾಳಿ. ಕಾರ್ಪೆಟ್ ಎತ್ತಲು ಬಂದರೆ ನೆಲದಿಂದ ಎತ್ತಲೇಬೇಕು, ಎರಡು ಕುರ್ಚಿಗಳ ನಡುವೆ ಬಿದಿರು ಗಳ ಇಟ್ಟು ಅದರ ಮೇಲೆ ಹಾಕಿ, ಅಡಿಯಿಂದಲೂ ಮೇಲಿಂದಲೂ ಗಾಳಿ ಆಡಬೇಕು. ಟೇಬಲ್ ಫ್ಯಾನ್ ಹಿಂಬದಿಗೆ ಹಿಡಿಯಲಿ. ನೆಲದ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ಕೂಡ ಒರೆಸಿ ಒಣಗಿಸಿ. ಮಳೆಯ ದಿನ ಕಿಟಕಿ ತೆರೆದರೆ ಒಳಗೆ ಬರುವುದು ತೇವವೇ, ಮುಚ್ಚಿ ಫ್ಯಾನ್ ಹಾಕುವುದು ಮೇಲು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ, ಟರ್ಪೆಂಟೈನ್ ಅಥವಾ ಸ್ಪಿರಿಟ್ ತಾಗಿದ ಕಾರ್ಪೆಟನ್ನು ಬೆಂಕಿಯ ಹತ್ತಿರ ಒಯ್ಯಲೇಬೇಡಿ.

ಬಿಸಿಲಿದ್ದರೆ ಕಾಫಿ ಒಣಗಿಸುವ ಕಣಕ್ಕೆ ಹಾಕಿ. ಅಕ್ಟೋಬರ್, ನವೆಂಬರ್‌ನಲ್ಲಿ ಕಾಫಿ ಇನ್ನೂ ಗಿಡದಲ್ಲೇ ಇರುತ್ತದೆ, ಕಣ ಖಾಲಿ. ಚೆನ್ನಾಗಿ ಗುಡಿಸಿ, ಬೆನ್ನು ಮೇಲೆ ಬರುವ ಹಾಗೆ ಮಗುಚಿ ಹಾಸಿ. ಬೆನ್ನಿಗೇ ಬಿಸಿಲು ಬೇಕಾಗಿರುವುದು, ಎಳೆಯ ಬಣ್ಣವೂ ಮಾಸುವುದಿಲ್ಲ. ಸಂಜೆ ನಾಲ್ಕರ ಒಳಗೆ ಒಳಗೆ ತನ್ನಿ, ಇಬ್ಬನಿ ಬೀಳಲು ಶುರುವಾದರೆ ದಿನದ ಕೆಲಸವೆಲ್ಲ ವ್ಯರ್ಥ.

ಒಣಗಿದೆಯಾ ಅಂತ ಅಂಗೈಯಿಂದ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಚಳಿಗಾಲದಲ್ಲಿ ಒಣ ಕಾರ್ಪೆಟ್ ಕೂಡ ತಣ್ಣಗೇ ಇರುತ್ತದೆ. ರಾತ್ರಿ ಮಲಗುವ ಮೊದಲು ಆ ಜಾಗದ ಅಡಿಗೆ ಒಂದು ನ್ಯೂಸ್‌ಪೇಪರ್ ಹಾಳೆ ಇಟ್ಟು, ಮೇಲೆ ಇಟ್ಟಿಗೆ ಇಡಿ. ಬೆಳಗ್ಗೆ ಎದ್ದು ಹಾಳೆ ಎಳೆದು ಮಡಚಿ ನೋಡಿ. ಮೆತ್ತಗೆ ಬಾಗಿದರೆ ಇನ್ನೊಂದು ದಿನ ಕಣಕ್ಕೆ. ಗರಿಗರಿ ಸದ್ದು ಮಾಡಿದರೆ ಸೋಫಾ ಎಳೆದು ಹಾಕಬಹುದು.